ಐರೋಪ್ಯ ಒಕ್ಕೂಟವನ್ನು ವಿರೋಧಿಸುವವರೆಲ್ಲ ಪಾಪ್ಯುಲಿಸ್ಟ್ (ಗಣ್ಯವರ್ಗದ ವಿರುದ್ಧ ಜನಸಾಮಾನ್ಯರ ದನಿ ತಾವೇ ಎನ್ನುವ) ನಾಯಕರ ಮಾತಿಗೆ ಮರುಳಾದವರೇ?

‘ಜನ ಮರುಳೋ ಜಾತ್ರೆ ಮರುಳೋ’ ಎಂದು ತಳ್ಳಿಹಾಕುವುದು ಸುಲಭ. ಆದರೆ ತಾವು ಬಳಸಿರುವ ‘ಮರುಳು’ ಎಂಬ ಮಾತನ್ನು ನಾನು ಒಪ್ಪಲಾರೆ. ಒಕ್ಕೂಟಕ್ಕೊಂದು ಸಂವಿಧಾನ ಕೊಡಲು ಹೊರಟ ಒಪ್ಪಂದವನ್ನು 2005ರ ಮೇ 29ರಂದು ಫ್ರಾನ್ಸಿನ ಸುಮಾರು ಶೇ. 55ರಷ್ಟು ಮತದಾರರು, ಮೂರೇ ದಿನಗಳ ಬಳಿಕ ನೆದರ್ಲೆಂಡ್ಸಿನ ಶೇ. 61ಕ್ಕೂ ಹೆಚ್ಚು ಮತದಾರರು ತಿರಸ್ಕರಿಸಿದರು. ನೆದರ್ಲೆಂಡ್ಸಿನ ದೊಡ್ಡ ಪಕ್ಷಗಳೆಲ್ಲವೂ ಒಪ್ಪಂದದ ಪರವಾಗಿದ್ದವು ಎಂಬುದನ್ನು ಗಮನಿಸಿದರೆ, ಪ್ರತಿನಿಧಿಗಳಿಗೂ ಅವರನ್ನು ಆರಿಸಿದವರಿಗೂ ನಡುವಿನ ಬಿರುಕು ಎಷ್ಟು ದೊಡ್ಡದಿತ್ತೆಂದು ತಿಳಿಯುತ್ತದೆ.

ಆಗ ಫ್ರಾನ್ಸಿನಲ್ಲಿ ಎಲ್ಲರ ಬಾಯಲ್ಲೂ ಇದ್ದವನು ‘ಪೋಲೆಂಡಿನ ಪ್ಲಂಬರ್’, ಅಂದರೆ ಕಡಿಮೆ ಕೂಲಿಗೆ ಬಂದು ಸ್ಥಳೀಯರ ಕೆಲಸ ಕಸಿಯುವನೆಂದು ಜನ ಹೆದರಿದ ಕಲ್ಪಿತ ವ್ಯಕ್ತಿ. ಪೋಲೆಂಡಿನ ಪ್ರವಾಸೋದ್ಯಮ ಕಚೇರಿಯವರು ಇದಕ್ಕೆ ಸೊಗಸಾಗಿಯೇ ಉತ್ತರಿಸಿದರು: ಕೈಯಲ್ಲಿ ಸ್ಪ್ಯಾನರ್ ಹಿಡಿದ ಚೆಲುವನೊಬ್ಬನ ಚಿತ್ರ ಹಾಕಿ, ತಾನು ಪೋಲೆಂಡಿನಲ್ಲೇ ಉಳಿಯುತ್ತೇನೆ, ನೀವೇ ಬನ್ನಿ ಎಂದು ಅವನಿಂದ ಹೇಳಿಸಿದರು. ನಗು ಬಂದರೂ ಆ ಪ್ಲಂಬರ್ ಮಾಡಿದ ಕೆಲಸ ಸಣ್ಣದಲ್ಲ. ಎಡಪಂಥೀಯರ ಕೂಲಿಯ ಆತಂಕವನ್ನೂ ಬಲಪಂಥೀಯರ ರಾಷ್ಟ್ರೀಯ ಅಸ್ಮಿತೆಯ ಆತಂಕವನ್ನೂ ಒಂದೇ ಮುಖದಲ್ಲಿ ಕೂಡಿಸಿಬಿಟ್ಟ. ‘ಬೇಡ’ ಎಂದವರ ಸಾಲಿನಲ್ಲಿ ಕಟ್ಟಾ ಬಲಪಂಥೀಯ ನಾಯಕ ಲ ಪೆನ್ ಅವರಷ್ಟೇ ಅಲ್ಲ, ಹಿಂದೆ ಪ್ರಧಾನಿಯಾಗಿದ್ದ ಸಮಾಜವಾದಿ ಲೊರಾನ್ ಫಾಬಿಯಸ್ ಕೂಡ ಇದ್ದರು. ಗಣ್ಯವರ್ಗದ ವಿರುದ್ಧದ ದನಿಗೆ ಗಣ್ಯರೇ ಕಂಠ ಕೊಡುವುದು ಅಪರೂಪವೇನಲ್ಲ.

ನನ್ನ ದೃಷ್ಟಿಯಲ್ಲಿ ನಿಜವಾದ ಹಾನಿಯಾದದ್ದು ಆಮೇಲೆ. ತಿರಸ್ಕೃತ ಒಪ್ಪಂದದ ಬದಲಿಗೆ 2007ರಲ್ಲಿ ಸಹಿಯಾದ ಲಿಸ್ಬನ್ ಒಪ್ಪಂದದಲ್ಲಿ ‘ಸಂವಿಧಾನ’ ಎಂಬ ಪದವನ್ನೂ ಧ್ವಜ, ಗೀತೆಗಳ ಉಲ್ಲೇಖವನ್ನೂ ಕೈಬಿಟ್ಟು, ತಿರುಳಿನ ಬಹುಭಾಗವನ್ನು ಉಳಿಸಿಕೊಳ್ಳಲಾಯಿತು. ಅಸ್ಮಿತೆಯನ್ನು ಕೆಣಕುವ ಕುರುಹುಗಳನ್ನು ತೆಗೆದರೆ ಸಾಕು ಎಂಬ ಲೆಕ್ಕಾಚಾರವದು. ಫ್ರಾನ್ಸಿನಲ್ಲೂ ನೆದರ್ಲೆಂಡ್ಸಿನಲ್ಲೂ ಮತ್ತೆ ಜನರನ್ನು ಕೇಳದೆ ಸಂಸತ್ತಿನ ಮೂಲಕವೇ ಅದು ಅಂಗೀಕಾರವಾಯಿತು. ಹಾಗೆ ಮಾಡುವುದಾಗಿ 2007ರಲ್ಲಿ ಫ್ರಾನ್ಸಿನ ಅಧ್ಯಕ್ಷರಾದ ಸಾರ್ಕೋಜಿ ಚುನಾವಣೆಗೆ ಮೊದಲೇ ಹೇಳಿದ್ದರು, ನಿಜ. ಆದರೂ ‘ನಿಮ್ಮ ಮತಕ್ಕೆ ಬೆಲೆಯಿಲ್ಲ’ ಎನ್ನಲು ಪಾಪ್ಯುಲಿಸ್ಟರಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ.

ಐರ್ಲೆಂಡ್ 2008ರಲ್ಲಿ ಅದೇ ಒಪ್ಪಂದಕ್ಕೆ ‘ಬೇಡ’ ಎಂದಿತು. 2009ರಲ್ಲಿ ಮತ್ತೆ ಕೇಳಿದಾಗ ಶೇ. 67ರಷ್ಟು ಮಂದಿ ಒಪ್ಪಿದರು. ಬೇಕಾದ ಉತ್ತರ ಬರುವವರೆಗೂ ಮತ ಹಾಕಿಸುತ್ತಾರೆಂಬ ಟೀಕೆಗೆ ಇದೇ ಉದಾಹರಣೆಯಾಯಿತು. ಆದರೆ ಆ ನಡುವೆ ಆರ್ಥಿಕ ಬಿಕ್ಕಟ್ಟು ಬಂದಿತ್ತು. ತೆರಿಗೆ, ಸೇನಾ ತಾಟಸ್ಥ್ಯ, ಗರ್ಭಪಾತದ ಕಾನೂನು ಇವುಗಳ ಬಗ್ಗೆ ಐರಿಷ್ ಜನರಿಗೆ ಲಿಖಿತ ಭರವಸೆಗಳೂ ಸಿಕ್ಕಿದ್ದವು. ಫ್ರಾನ್ಸಿನ ಮತದಾರರಿಗೆ ಸಿಗದೇ ಹೋದದ್ದು ಅಂಥದೊಂದು ಉತ್ತರ.