ಅಡಗಿಮನಿ ಹಳೇ ಥರ ಬೇಕು, ನಡು ಮಾತ್ರ ನೋಯಬಾರ್ದು

ಹಿಂದಿನ ಸಂಚಿಕಿಯೊಳಗ ಗ್ವಾಡಿಯಾಗಿನ ಮಾಡ, ಅಂದ್ರ ಸಾಮಾನ ಇಡೋ ಗೂಡಿನ ಬಗ್ಗೆ ಸುಮ್ನ ನಾಕ ಸಾಲ ಬರದಿದ್ದೆ ನೋಡ್ರಿ, ಅದಕ್ಕ ಬಂದ ಪತ್ರದ ರಾಶಿ ನೋಡಿ ನಾನ ಗಾಬರಿ ಆದೆ, ಎಲ್ಲಾರಿಗೂ ಈಗ ಅಜ್ಜಿ ಕಾಲದ ಅಡಗಿಮನೀನ ಬೇಕಂತ. ಮಾಡ್ಯುಲರ್ ಕಿಚನ್ ಮಾಡಿಸಿ ಬ್ಯಾಸರಾದೋರು, ಹೊಸಾ ಮನಿ ಕಟ್ಟಸೋರು, ಹಳೇ ಮನಿ ಕೆಡವೋದೋ ಇಟ್ಕೊಳ್ಳೋದೋ ಅಂತ ತಲಿ ಕೆಡಿಸ್ಕೊಂಡು ಕುಂತೋರು, ಎಲ್ಲಾರೂ ಬರದಾರ. ಅಷ್ಟಕ್ಕೂ ಉತ್ತರ ಬರಿಯಾಕ ಜಾಗ ಇಲ್ರಿ, ಐದು ಆರಿಸೇನಿ. ಹೆಸರ ಹಾಕಬ್ಯಾಡ್ರಿ ಅಂದೋರ ಭಾಳ ಮಂದಿ, ಹಿಂಗಾಗಿ ಊರಷ್ಟ ಹಾಕೇನಿ.

ಪ್ರಶ್ನೆ: ಅಕ್ಕಾರ ನಮಸ್ಕಾರ್ರಿ. ನಮ್ಮದು ಹೊಸಾ ಮನಿ ಕಟ್ಟಡ ನಡದೈತಿ, ಅಡಗಿಮನಿ 10 ಬೈ 12 ಐತಿ. ಇಂಟೀರಿಯರ್‌ನವ್ರು ಪಿತ್ತಾಳಿ ದೀಪ, ಕರೀ ಕಟಗಿ ಕಂಬ ಇರೋ ಕೇರಳ ಮನಿ ಫೋಟೋ ತೋರಸ್ಯಾರ, ನೋಡಾಕ ಛಂದ ಐತಿ ಆದ್ರ ನಮ್ಮ ಮನಿ ಅನಸೂದಿಲ್ಲ. ಅತ್ತೀಗೆ ಇವತ್ತಿಗೂ ಕೆಳಗ ಕುಂತ ರೊಟ್ಟಿ ಬಡದ್ರನ ಸಮಾಧಾನ, ಗ್ಯಾಸ್ ಒಲಿ ನೆಲದ ಮ್ಯಾಲ ಇಟ್ಟಬಿಡ್ರಿ ಅಂತಾರ. ನನಗ ಕೆಳಗ ಕುಂತ್ರ ಮೊಣಕಾಲ ನೋವು. ಎಲ್ಲಿಂದ ಶುರು ಮಾಡೂಣ್ರಿ?
— ಜಮಖಂಡಿಯ ಸೊಸಿ

ಉತ್ತರ: ತಂಗಿ, ಫೋಟೋ ಬದಿಗಿಡು, ರೊಟ್ಟಿಯಿಂದ ಶುರು ಮಾಡು. ನಮ್ಮ ಕಡೆ ಅಡಗಿಮನಿ ಅಂದ್ರ ದಿನಾ ಕಮ್ಮಿ ಅಂದ್ರೂ ಒಂದ ತಾಸು ರೊಟ್ಟಿ ಕೆಲಸ, ಆ ಕೇರಳದ ಫೋಟೋದಾಗ ರೊಟ್ಟಿ ಬಡಿಯಾಕ ಜಾಗಾನ ಇರೂದಿಲ್ಲ, ಅದಕ್ಕ ನಿನಗದು ನಮ್ಮನಿ ಅನಸವಲ್ದು. ಒಂದ ದಿನಾ ಅತ್ತಿ ರೊಟ್ಟಿ ಮಾಡುವಾಗ ಬಾಜೂಕ ಕುಂತ ಬರೇ ಅವರ ಕೈ ನೋಡು. ಎಡಕ್ಕ ಹಿಟ್ಟಿನ ಡಬ್ಬಿ, ಮುಂದ ಪರಾತ, ಎಸರಿನ ಬೋಗಾಣಿ ಕೈಗೆ ಹತ್ತೂವಷ್ಟ ಹತ್ರ ಆದ್ರ ತಗಲೂವಷ್ಟ ಹತ್ರ ಅಲ್ಲ, ಬಲಕ್ಕ ಹಂಚು, ಹಂಚಿಗೆ ಹಾಕಿದ ರೊಟ್ಟಿ ಮ್ಯಾಲ ನೀರ ಸವರಾಕ ಒದ್ದಿ ಅರಿವಿ, ಅದರಾಚೆ ರೊಟ್ಟಿ ಬುಟ್ಟಿ. ಒಂದ ಸಲ ಕುಂತ್ರ ಇಪ್ಪತ್ತು ರೊಟ್ಟಿ ಮುಗಿಯೂತನಕ ಏಳೂದಿಲ್ಲ. ಈ ಸಾಲನ್ನ ಹಂಗ ಎತ್ತಿ ಕಟ್ಟಿ ಮ್ಯಾಲ ಇಡು, ಅರ್ಧಾ ಡಿಸೈನ್ ಅಲ್ಲೇ ಮುಗೀತು.

ಈಗ ಎತ್ತರ. ಗೌಂಡಿಗೆ ನೀ ಏನೂ ಹೇಳ್ಲಿಲ್ಲ ಅಂದ್ರ ಅವ ಕಣ್ಮುಚ್ಚಿ 34 ಇಂಚ ಕಟ್ಟಿ ಕಟ್ಟತಾನ. ಪಲ್ಯಾ ಹೆಚ್ಚಾಕ, ಕೈಯಾಡಸಾಕ ಅದು ನಡೀತೈತಿ, ರೊಟ್ಟಿ ಬಡಿಯಾಕ ಭುಜ ಮ್ಯಾಲೆತ್ತಿ ಬಡಿಬೇಕಾಗ್ತೈತಿ. ನನ್ನ ಕಥಿ ಕೇಳು, ನಾನಿರೋದ ಐದ ಫೂಟ್ ಒಂದ ಇಂಚು, ನಮ್ಮನಿ ಕಟ್ಟೂವಾಗ ಯಾರೂ ನನ್ನ ಅಳತಿ ಕೇಳ್ಲಿಲ್ಲ ನಾನೂ ಹೇಳ್ಲಿಲ್ಲ, ಆಮ್ಯಾಲ ಹನ್ನೊಂದ ವರ್ಷ ಊಟಕ್ಕ ಕುಂದ್ರೋ ಮಣಿ ಕಟ್ಟಿ ಮುಂದ ಹಾಕ್ಕೊಂಡು ಅದರ ಮ್ಯಾಲ ನಿಂತ ರೊಟ್ಟಿ ಬಡದೇನಿ, ಎರಡ ಸಲ ಜಾರಿ ಬಿದ್ದೇನಿ. ಸೀದಾ ನಿಂತ ಮೊಳಕೈ ಮಡಚಿ ನೆಲದಿಂದ ಮೊಳಕೈತನಕ ಅಳಿ, ಸಾದಾ ಕೆಲಸಕ್ಕ ಅದಕ್ಕಿಂತ 4 ಇಂಚ ಕೆಳಗ, ಮೈಭಾರ ಹಾಕಿ ಮಾಡೋ ಕೆಲಸಕ್ಕ 8 ಇಂಚಿನ ತನಕ ಕೆಳಗ ಇರ್ಲಿ. ನಮ್ಮ ಹೆಣ್ಮಕ್ಕಳಿಗೆ ರೊಟ್ಟಿ ಕಟ್ಟಿ 28ರಿಂದ 30 ಇಂಚಿಗೆ ಬಂದ ನಿಲ್ತೈತಿ. ಅಂದ್ರ ಒಂದ ಕಟ್ಟಿ ಅಲ್ಲ, ಎರಡ ಎತ್ತರದ ಕಟ್ಟಿ, ಮೆಟ್ಟಲದ ಗತೆ.

ಅತ್ತಿ ಹೇಳಿದ್ದ ನೆಲದ ಮ್ಯಾಲಿನ ಗ್ಯಾಸ್ ಮಾತ್ರ ಬ್ಯಾಡವಾ, ಇದರಾಗ ಹಟ ಮಾಡಬ್ಯಾಡ್ರಿ ಅಂತ ಅವರಿಗೆ ನನ್ನ ಹೆಸರ ಹೇಳೇ ಹೇಳು. ಅಡಗಿ ಗ್ಯಾಸು ಗಾಳಿಗಿಂತ ಭಾರ, ಲೀಕ್ ಆದ್ರ ಮ್ಯಾಲ ಹೋಗೂದಿಲ್ಲ, ನೀರಿನ ಗತೆ ನೆಲದ ಮ್ಯಾಲ ಹರದ ಮೂಲ್ಯಾಗ ನಿಲ್ತೈತಿ. ಅದಕ್ಕನ ಒಲಿ ಯಾವಾಗ್ಲೂ ಸಿಲಿಂಡರ್‌ಗಿಂತ ಎತ್ತರದಾಗ ಇರಬೇಕು ಅನ್ನೂದು. ಕಟಗಿ ಒಲಿ ನೆಲದ ಮ್ಯಾಲ ಇತ್ತು ಸರಿ, ಕಟಗಿ ಲೀಕ್ ಆಗೂದಿಲ್ಲಲ್ಲ. ಅತ್ತೀಗೆ ಇದ ಮಾಡ್ರಿ, ರೊಟ್ಟಿ ಕಟ್ಟಿ ಕೆಳಗ ಟ್ರಾಲಿ ಗೀಲಿ ಏನೂ ಹಾಕಬ್ಯಾಡ್ರಿ, ಪೂರಾ ಖಾಲಿ ಬಿಡ್ರಿ, ಕಾಲ ಒಳಗ ಚಾಚಿ ಸ್ಟೂಲ್ ಮ್ಯಾಲ ಕುಂದ್ರಾಕ ಬರ್ಬೇಕು. ಅವರು ಕುಂತ ಬಡೀತಾರ, ನೀ ನಿಂತ ಬಡೀತಿ, ಕಟ್ಟಿ ಒಂದ. ಕುಂತೋರ ಕೈಗೆ ಹಂಚು ಸಿಗಬೇಕಲ್ಲ, ಅದಕ್ಕ ಒಲಿನೂ ಅದ ತಗ್ಗಿನ ಕಟ್ಟಿ ತುದೀಗೆ ಬರ್ಲಿ. ಹಿಂಗಾದ್ರ 14.2 ಕೆಜಿ ಸಿಲಿಂಡರ್ ಆ ಕಟ್ಟಿ ಬುಡಕ ಹಿಡಿಯೂದಿಲ್ಲ, ಗ್ವಾಡಿ ಹೊರಗ ನೆಳ್ಳಿನ್ಯಾಗ ಜಾಳಗಿ ಬಾಗಲದ ಗೂಡ ಕಟ್ಟಿಸಿ ಅಲ್ಲಿಂದ ಪೈಪ್ ಒಳಗ ತರಸ್ರಿ, ಗೂಡಿನ ಬುಡಕ ಗಾಳಿ ಹೋಗಾಕ ಕಿಂಡಿ ಮರೀಬ್ಯಾಡ್ರಿ. ಪೈಪ್ ಕೆಲಸ ಏಜೆನ್ಸಿಯವರ ಕಡಿಂದನ ಮಾಡಸ್ರಿ, ಓಣ್ಯಾಗಿನ ಪ್ಲಂಬರ್ ಕಡಿಂದ ಅಲ್ಲ.

ಇಷ್ಟಾದ ಮ್ಯಾಲ ಪಿತ್ತಾಳಿ ದೀಪ ಹಾಕ್ತಿಯೇನು, ಹಾಕು.

ಪ್ರಶ್ನೆ: ಮೇಡಂ, ಎರಡು ವರ್ಷದ ಹಿಂದ ಕಟ್ಟಿಗೆ ಮಿರಿಮಿರಿ ಮಿಂಚೂ ಕರೀ ಕಡಪಾ ಕಲ್ಲು ಹಾಕಿಸೀವಿ. ಹಳೇ ಮನ್ಯಾಗ ಅದ ಇತ್ತು ಅಂತ. ಈಗ ಲಿಂಬಿಹಣ್ಣು ಕೊಯ್ದಲ್ಲಿ, ಹುಣಸಿ ಹುಳಿ ಚೆಲ್ಲಿದಲ್ಲಿ ಬೆಳ್ಳನ ಕಲೆ ಬಿದ್ದಾವ, ಎಷ್ಟ ತಿಕ್ಕಿದ್ರೂ ಹೋಗವಲ್ವು. ಕಲ್ಲ ಕೊಟ್ಟವ ನಮಗ ಮೋಸ ಮಾಡ್ಯಾನೇನ್ರಿ? ಇಳಕಲ್ ಗ್ರಾನೈಟ್ ಹಾಕಸಬೇಕಾಗಿತ್ತೇನು?
— ವಿಜಯಪುರದ ಓದುಗರು

ಉತ್ತರ: ಕಲ್ಲ ಕೊಟ್ಟವಂದು ತಪ್ಪಿಲ್ರಿ ಸರ್, ಹುಳಿದು ತಪ್ಪು. ಕಡಪಾ ಆಗ್ಲಿ ಶಹಾಬಾದ್ ಆಗ್ಲಿ ಎರಡೂ ಸುಣ್ಣದ ಕಲ್ಲಿನ ಜಾತಿ, ಹುಳಿ ಬಿತ್ತಂದ್ರ ಮ್ಯಾಲಿನ ಪಾಲಿಶ್ ತಿಂದ ಬಿಡ್ತೈತಿ. ನೀವು ಕಲೆ ಅಂತ ತಿಕ್ಕಾಕತ್ತೀರಿ, ಅದು ಕಲೆ ಅಲ್ಲ, ಅಲ್ಲಿ ಕಲ್ಲ ಸವದೈತಿ, ಅದಕ್ಕ ಹೋಗವಲ್ದು. ಬಚ್ಚಲ ತೊಳಿಯೋ ಆಸಿಡ್ ಅಂತೂ ಹಚ್ಚಲೇಬ್ಯಾಡ್ರಿ, ಇದ್ದದ್ದೂ ಹೋಗ್ತೈತಿ. ಮಶೀನ್ ತಂದ ಪಾಲಿಶ್ ಮಾಡೋರ ಸಿಗ್ತಾರ, ಒಮ್ಮೆ ಮಾಡಿಸಿದ್ರ ಮತ್ತ ಕರ್ರಗಾಗ್ತೈತಿ, ಆದ್ರ ಮತ್ತೊಂದು ಲಿಂಬಿಹಣ್ಣು ಕೊಯ್ಯೂತನಕ ಅಷ್ಟ. ನಿಮ್ಮ ಅಜ್ಜಿ ಕಾಲದಾಗೂ ಅದ ಕಲ್ಲ ಇತ್ತಲ್ಲ ಅಂದ್ರ, ಇತ್ತು, ಆವಾಗ ಪಾಲಿಶ್ ಇರ್ಲಿಲ್ಲ, ಇರದ ಪಾಲಿಶ್ ಹೋಗೂದ ಹೆಂಗ.

ಹೊಸದಾಗಿ ಹಾಕ್ಸೋರಿಗೆ ನಾ ಹೇಳೂದು ಕಟ್ಟಿಗೆ ಇಳಕಲ್ ಕಲ್ಲು, ನೆಲಕ್ಕ ಶಹಾಬಾದ್ ಫರಸಿ. ಇಳಕಲ್ಲಿನ ಕೆಂಪ ಗ್ರಾನೈಟ್ ದೇಶಾ ಬಿಟ್ಟ ದೇಶಕ್ಕ ಹೋಗ್ತೈತಿ, ನಮ್ಮ ಮಂದಿ ಮಾತ್ರ ಇನ್ನೆಲ್ಲಿಂದೋ ಕರೀ ಗ್ಯಾಲಕ್ಸಿ ಗ್ರಾನೈಟ್ ತರಸ್ತಾರ. ಗ್ರಾನೈಟ್ ಗಟ್ಟಿ, ಹುಳಿಗೆ ಜಗ್ಗೂದಿಲ್ಲ, ಬಿಸಿ ಹಂಚು ಇಟ್ರೂ ಏನೂ ಆಗೂದಿಲ್ಲ. ಇನ್ನೊಂದ, ನಿಮ್ಮ ಕಡೆ ಬೋರಿನ ನೀರ ಗಡಸು, ಕರೀ ಕಲ್ಲಿನ ಮ್ಯಾಲ ಹನಿ ಬಿದ್ದ ಒಣಗಿದ್ರ ಬಿಳೀ ಉಪ್ಪಿನ ಗೆರಿ ಕಾಣತಾವ, ಕೆಂಪ ಕಲ್ಲಿನ್ಯಾಗ ಅಷ್ಟ ಎದ್ದ ಕಾಣೂದಿಲ್ಲ. ನೆಲಕ್ಕ ಶಹಾಬಾದ್ ಯಾಕಂದ್ರ ಏಪ್ರಿಲ್ ಮೇ ಬಿಸಲಾಗ ಕಾಲಿಗೆ ತಂಪು, ಪಾಲಿಶ್ ಮಾಡಸದ ಒರಟ ಬಿಟ್ರ ನೀರ ಚೆಲ್ಲಿದ್ರೂ ಜಾರೂದಿಲ್ಲ. ನಿಮ್ಮದು ಎರೀ ಮಣ್ಣಿನ ಜಾಗ ಆಗಿದ್ರ ಕೆಳಗ ಗರಸು ಚೊಲೋತ್ನ್ಯಾಗ ಹಾಕಿ ಬಡಿಸಿ ಆಮ್ಯಾಲ ಫರಸಿ ಕುಂದ್ರಸ್ರಿ, ಎರೀ ಮಣ್ಣು ಮಳಿಗಾಲಕ್ಕ ಉಬ್ಬಿ ಬ್ಯಾಸಗೀಗೆ ಬಿರಿತೈತಿ, ದೊಡ್ಡ ದೊಡ್ಡ ಟೈಲ್ಸ್ ಆಗಿದ್ರ ಪಟಾರ್ ಅಂತ ಸೀಳಿ ಬಿಡ್ತಾವ.

ಪ್ರಶ್ನೆ: ನಾವಿರೋದು ಟಿಳಕವಾಡಿ ಕಡೆ ಬಾಡಿಗಿ ಫ್ಲಾಟ್‌ನಾಗ. ಮೊಳೆ ಹೊಡಿಯಾಕೂ ಓನರ್ ಬಿಡೂದಿಲ್ಲ. ನಮಗೂ ಏನರ ಹೇಳ್ರಿ.
— ಬೆಳಗಾವಿ

ಉತ್ತರ: ಮೊಳೆ ಇಲ್ಲದ ಆಗೋ ಕೆಲಸ ಬೇಕಾದಷ್ಟ ಐತಿ. ಖಾನಾಪುರ ನಿಮಗ ಬಾಜೂಕ, ಕುಂಬಾರಿಕಿಗೆ ಹೆಸರಾದ ಊರು, ಕುಂಬಾರಿಕಿ ಕಲಸೋ ಸರ್ಕಾರಿ ಕೇಂದ್ರಾನೂ ಅಲ್ಲಿ ಐತಿ. ಒಂದ ಆಯ್ತಾರ ಹೋಗಿ ನೀರಿಗೊಂದ ಹರವಿ, ಮೊಸರಿಗೊಂದ ಗಡಿಗಿ, ಸಾರಿಗೊಂದ ಅಗಲ ಬಾಯಿ ಮಡಕಿ ತರ್ರಿ. ತಂದ ದಿನಾನ ಒಲಿ ಮ್ಯಾಲ ಇಡಬ್ಯಾಡ್ರಿ, ಒಂದ ರಾತ್ರಿ ನೀರಾಗ ಮುಳುಗಿಸಿ ಒಣಗಿಸಿ, ಮೊದಲ ಸಲ ಅಕ್ಕಿ ತೊಳದ ನೀರ ಸಣ್ಣ ಉರಿ ಮ್ಯಾಲ ಕುದಸ್ರಿ. ಒಳಗ ಬಣ್ಣ ಬಳದ ಮಿಂಚೂವನ್ನ ಅಡಗೀಗೆ ತರಬ್ಯಾಡ್ರಿ, ಅವು ಶೋಕೇಸಿಗೆ. ಪ್ಲಾಸ್ಟಿಕ್ ಡಬ್ಬಿ ಎಲ್ಲಾ ಒಮ್ಮೆ ಒಗಿಯೂದೇನ ಬ್ಯಾಡ, ಕಣ್ಣಿಗೆ ಕಾಣೋ ಒಂದ ಸಾಲ ಮಾತ್ರ ಬದಲಿ ಮಾಡ್ರಿ, ಶೇಂಗಾ ಚಟ್ನಿ, ಗುರೆಳ್ಳ ಪುಡಿ, ಅಗಸಿ ಪುಡಿಗೆ ಚೀನಿ ಮಣ್ಣಿನ ಭರಣಿ ಇಡ್ರಿ. ಅಮ್ಮಂದು ಹಳೇ ಇಳಕಲ್ ಸೀರಿ ಇದ್ರ ಕಟ್ಟಿ ಕೆಳಗಿನ ಖಾನೇಕ ಪರದೆ ಆಗ್ತೈತಿ, ಒಲಿ ಕೆಳಗ ಮಾತ್ರ ಬ್ಯಾಡ, ಮತ್ತ ರೇಶ್ಮಿ ಸೆರಗ ಕತ್ತರಸೋಕ ಮುಂಚೆ ಅಮ್ಮನ್ನ ಕೇಳ್ರಿ, ಇಲ್ಲಂದ್ರ ಬೈಸ್ಕೊಳ್ಳೋದು ನಾನು.

ಪ್ರಶ್ನೆ: ಅಕ್ಕಾರ, ಬಾದಾಮಿ ಹತ್ರ ಹಳ್ಳ್ಯಾಗ ಅಜ್ಜಾರ ಕಾಲದ ಮಣ್ಣಿನ ಮಾಳಿಗಿ ಮನಿ ಐತಿ, ಜಂತಿ ಇನ್ನೂ ಗಟ್ಟಿ ಅದಾವ. ಅಡಗಿಮನ್ಯಾಗ ಆರ ಮಾಡ, ಮ್ಯಾಲ ಬೆಳಕಿಂಡಿ ಐತಿ. ಕಂತ್ರಾಟದಾರ ಮಾಡ ಮುಚ್ಚಿ ಸಿಮೆಂಟ್ ಗಿಲಾವ್ ಮಾಡಿ ಸೀಲಿಂಗ್ ತನಕ ಟೈಲ್ಸ್ ಹಚ್ಚೂಣು ಅಂತಾನ. ಮನಸ ಒಪ್ಪವಲ್ದು.
— ಬಾಗಲಕೋಟ ಜಿಲ್ಲೆಯ ಓದುಗರು

ಉತ್ತರ: ಒಪ್ಪಬ್ಯಾಡ್ರಿ! ಮಣ್ಣಿನ ಗ್ವಾಡಿಗೆ ಸಿಮೆಂಟ್ ಗಿಲಾವ್ ಮಾಡಿದ್ರ ಒಳಗಿನ ತೇವ ಹೊರಗ ಬರಾಕ ದಾರಿ ಇರೂದಿಲ್ಲ, ಗ್ವಾಡಿ ಒಳಗೊಳಗ ಹಸಿ ಆಗಿ ನಾಕ ಮಳಿಗಾಲದಾಗ ಸಿಮೆಂಟು ಹೊಪ್ಪಳಿಕಿ ಹೊಪ್ಪಳಿಕಿ ಉದರತೈತಿ, ಬರುವಾಗ ಮಣ್ಣನ್ನೂ ಕರಕೊಂಡ ಬರತೈತಿ. ಸುಣ್ಣದ ಗಿಲಾವ್ ಮಾಡಸ್ರಿ, ಇಲ್ಲಾ ಮಣ್ಣಿಂದ. ಸಿಂಕ್ ಮಾತ್ರ ಆ ಗ್ವಾಡಿಗೆ ಆನಿಸಬ್ಯಾಡ್ರಿ, ನೀರ ಬೀಳೋ ಕಡೆ ಮುಂದ ಒಂದ ಸಣ್ಣ ಇಟ್ಟಂಗಿ ಗ್ವಾಡಿ ಎಬ್ಬಿಸಿ ಅದಕ್ಕ ಬೇಕಾದ್ರ ಟೈಲ್ಸ್ ಹಚ್ಚಲಿ, ಪೈಪೂ ಅದರಾಗ ಓಡಲಿ, ಅಲ್ಲಿಗೆ ಕಂತ್ರಾಟದಾರಗೂ ಸಮಾಧಾನ.

ಮಾಡ ಮುಚ್ಚಸೋದಂತೂ ಪಾಪ. ಎರಡ ಫೂಟ್ ದಪ್ಪ ಗ್ವಾಡಿ ಇದ್ದಲ್ಲೆಷ್ಟ ಮಾಡ ಬರ್ತಾವ, ಈಗಿನ 9 ಇಂಚಿನ ಗ್ವಾಡ್ಯಾಗ ಲಕ್ಷ ಕೊಟ್ರೂ ಬರೂದಿಲ್ಲ. ಎಣ್ಣಿ ಜಿಗಟ ಹಿಡೀತೈತಿ ಅನ್ನೂದಾದ್ರ ತಳಕ್ಕೊಂದ ಫರಸಿ ತುಂಡ ಹಾಸ್ರಿ. ಒಲಿ ಹತ್ರದ ಮಾಡ ಉಪ್ಪು ಖಾರಕ್ಕ, ನಡಕಿಂದು ಕುಡಿಯೋ ನೀರಿನ ಚರಗಿಗೆ, ಒಂದರಾಗ ಹಳದಿ ಲೈಟ್ ಇಡ್ರಿ, ದೀಪ ಇಟ್ಟಂಗ ಕಾಣತೈತಿ. ಬೆಳಕಿಂಡಿ ಮ್ಯಾಲ ಗಾಜು ಹಾಕೂದಾದ್ರ ನಾಕೂ ಕಡೆ ಬಿಗಿಬ್ಯಾಡ್ರಿ, ಗಾಜು ಒಂದ ಗೇಣ ಎತ್ತರಿಸಿ ಸುತ್ತ ಜಾಳಗಿ ಕೊಡ್ರಿ, ಬಿಸಿ ಗಾಳಿ ಹೊಗಿ ಎಲ್ಲಾ ಮ್ಯಾಲಿಂದ ಹೋಗ್ತಾವ. ಅಜ್ಜಾರ ಚಿಮಣಿ ಅದ ಇತ್ತು.

ಬಾಗಲ, ಕಪಾಟಿಗೆ ಹಳೇ ಸಾಗವಾನಿ ಬೇಕಂದ್ರ ನಮ್ಮ ಜಿಲ್ಲೆಯವರಿಗೆ ಹೇಳಬೇಕಾ, ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟಿ ಎಷ್ಟ ಮುಳಗ್ತು, ಆ ಮುಳುಗಡಿ ಮನಿಗಳ ಬಾಗಲ ಕಂಬ ಇನ್ನೂ ಹಳೇ ಕಟಗಿ ಅಡ್ಡೆದಾಗ ಸಿಗ್ತಾವ. ನಂಗ ಅವನ್ನ ನೋಡಿದ್ರ ಖುಷಿನೂ ಆಗ್ತೈತಿ, ಒಂಥರಾ ಸಂಕಟನೂ ಆಗ್ತೈತಿ, ಚೌಕಟ್ಟಿನ ಮ್ಯಾಲ ಯಾರೋ ಹಚ್ಚಿದ ಕುಂಕುಮ ಹಂಗ ಇರತೈತಿ ನೋಡ್ರಿ. ತಗೊಳ್ಳೂ ಮುಂಚೆ ಬೆರಳ ಮಡಚಿ ಉದ್ದಕ್ಕೂ ಬಡದ ನೋಡ್ರಿ, ಟೊಳ್ಳ ಸಪ್ಪಳ ಬಂದಲ್ಲಿ ಗೆದ್ದಲ ಇದ್ದಂಗ. ಹೊಸಾ ಪ್ಲೈವುಡ್ ಹಾಕೂದಾದ್ರ ಸಿಂಕಿನ ಹತ್ರಕ್ಕ ಐಎಸ್ 710 ಮಾರ್ಕಿಂದು ಕೇಳ್ರಿ, ನೀರ ತಡಿಯೂದ ಅದು.

ಪ್ರಶ್ನೆ: ಮನ್ಯಾಗ ಅಟ್ಟದ ಮ್ಯಾಲ ಹಳೇ ತಾಮ್ರ ಪಿತ್ತಾಳಿ ಪಾತ್ರಿ ಎರಡ ಚೀಲ ಅದಾವ. ಸಾಲಾಗಿ ಜೋಡಿಸಿ ಇಡಬೇಕಂತ ಆಸೆ. ಅಡಗೀಗೂ ಬಳಸಬಹುದೇನ್ರಿ?
— ಮುದ್ದೇಬಿಹಾಳ

ಉತ್ತರ: ಬಳಸ್ರಿ, ಆದ್ರ ಒಳಗ ಕಲಾಯಿ ಇದ್ರ ಮಾತ್ರ. ಕಲಾಯಿ ಹೋದ ಪಿತ್ತಾಳಿ ಬೋಗಾಣ್ಯಾಗ ಹುಳಿ ಸಾರು, ಮಜ್ಜಿಗಿ ಇಟ್ರ ತಾಮ್ರ ಬಿಡ್ತೈತಿ, ಬಾಯಿಗೆ ಕಿಲುಬ ರುಚಿ ಬರ್ತೈತಿ, ಹೊಟ್ಟೀಗೂ ಚೊಲೋ ಅಲ್ಲ. ಕಲಾಯಿ ಅಂದ್ರ ತವರ, ಅದು 232 ಡಿಗ್ರಿಗೆನ ಕರಗತೈತಿ, ಹಿಂಗಾಗಿ ಖಾಲಿ ಪಾತ್ರಿ ಒಲಿ ಮ್ಯಾಲಿಟ್ಟ ಮರೀಬ್ಯಾಡ್ರಿ, ಅದರಾಗ ಶೇಂಗಾ ಹುರಿಬ್ಯಾಡ್ರಿ, ಸ್ಟೀಲ್ ತಂತಿ ಬ್ರಷ್ ಹಾಕಬ್ಯಾಡ್ರಿ. ಬ್ಯಾಳಿ, ಅನ್ನ, ಹುಗ್ಗಿಗೆ ಅದಕ್ಕಿಂತ ಚೊಲೋ ಪಾತ್ರಿ ಇಲ್ಲ. ನೀರಿನ ತಾಮ್ರದ ಕೊಡಕ್ಕ ಕಲಾಯಿ ಬೇಕಿಲ್ಲ.

ಜೋಡಸೋದಾದ್ರ ಎಲ್ಲಾ ಹೊರಗ ಇಡಬ್ಯಾಡ್ರಿ, ದಿನಾ ಬಳಸೂವು ಐದಾರು ಸಾಕು, ಉಳಿದವು ಹದಿನೈದ ದಿನದಾಗ ಎಣ್ಣಿ ಧೂಳ ಹಿಡದ ಕರ್ರಗಾಗಿ ನಿಮ್ಮನ್ನ ನೋಡ್ತಾ ಕುಂದ್ರತಾವ. ಹೊರಗಡೆ ಬೆಳಗಾಕ ಹುಣಸಿಹಣ್ಣು ಉಪ್ಪು ಬಿಟ್ರ ಬ್ಯಾರೇ ಪೌಡರ್ ಬ್ಯಾಡ, ಆದ್ರ ಹಿತ್ತಲದಾಗ ಕುಂತ ಬೆಳಗ್ರಿ, ಕಟ್ಟಿ ಮ್ಯಾಲ ಬ್ಯಾಡ, ವಿಜಯಪುರದವರ ಕಡಪಾ ಕಲ್ಲಿನ ಗತಿ ಮ್ಯಾಲ ಓದಿದ್ರಲ್ಲ.