ದ್ರಾಕ್ಷಿಗೆ ‘ಎಸ್’ ಬೇಕು, ಜೋಳಕ್ಕೆ ಬೇಡ

ಪ್ರಶ್ನೆ: ಮಗಳು ಎಂಟನೇ ಇಯತ್ತೆ. ಇಂಗ್ಲಿಷಿನಲ್ಲಿ ನೌನ್ (ನಾಮಪದ) ಐದು ವಿಧ ಎಂದು ಬಾಯಿಪಾಠ ಒಪ್ಪಿಸುತ್ತಾಳೆ. ಬರೆಯಲು ಕೂತರೆ ‘ಫರ್ನಿಚರ್ಸ್’, ‘ಅಡ್ವೈಸಸ್’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾಳೆ. ಟ್ಯೂಷನ್ನಿನವರು ಕೌಂಟಬಲ್ (ಎಣಿಸುವಂಥದ್ದು), ಅನ್‌ಕೌಂಟಬಲ್ (ಎಣಿಸಲಾಗದ್ದು) ಎಂದು ಎರಡೇ ವಿಧ ಅನ್ನುತ್ತಾರೆ. ಯಾವುದು ಸರಿ?
– ಓದುಗರೊಬ್ಬರು, ತಿಕೋಟಾ

ಉತ್ತರ: ಎರಡೂ ಸರಿ. ಐದು ವಿಧ ಎಂಬುದು ಪದ ಯಾವುದರ ಹೆಸರು ಎಂದು ನೋಡಿ ಮಾಡಿದ ವಿಂಗಡಣೆ: ವಿಜಯಪುರ ಪ್ರಾಪರ್, ಊರು ಕಾಮನ್, ಹಿಂಡು ಕಲೆಕ್ಟಿವ್, ಬಂಗಾರ ಮೆಟೀರಿಯಲ್, ಪ್ರಾಮಾಣಿಕತೆ ಅಬ್‌ಸ್ಟ್ರ್ಯಾಕ್ಟ್. ಇದಕ್ಕಾಗಿ ಹೆಚ್ಚು ದಿನ ಕಳೆಯಬೇಕಿಲ್ಲ. ವಾಕ್ಯ ಕಟ್ಟುವಾಗ ಬೇಕಾಗುವುದು ಎರಡನೆಯದು: ಪದದ ಮೊದಲಿಗೆ ‘ಎ’, ಕೊನೆಗೆ ‘ಎಸ್’ ಹಚ್ಚಬಹುದೇ ಇಲ್ಲವೇ? ಹಚ್ಚಬಹುದಾದರೆ ಕೌಂಟಬಲ್, ಇಲ್ಲವಾದರೆ ಅನ್‌ಕೌಂಟಬಲ್.

ಮಗಳ ತಪ್ಪು ದಡ್ಡತನದ್ದಲ್ಲ, ಕನ್ನಡದ ರೂಢಿಯದು. ನಾವು ‘ಎರಡು ರೊಟ್ಟಿ’, ‘ಹತ್ತು ಪುಸ್ತಕ’ ಅನ್ನುತ್ತೇವೆ. ಸಂಖ್ಯೆ ಇದ್ದರೆ ‘ಗಳು’ ಬೇಕಾಗುವುದಿಲ್ಲ. ಹೀಗಾಗಿ ‘ಟೆನ್ ಬುಕ್’ ಬರುತ್ತದೆ. ಅತ್ತ ‘ಸಲಹೆಗಳು’, ‘ಮಾಹಿತಿಗಳು’ ನಮಗೆ ಸಹಜ. ಹೀಗಾಗಿ ‘ಅಡ್ವೈಸಸ್’, ‘ಇನ್ಫರ್ಮೇಷನ್ಸ್’. ಇಂಗ್ಲಿಷಿನಲ್ಲಿ ಎರಡೂ ತಪ್ಪು.

ವಸ್ತುವನ್ನು ಕಣ್ಣಾರೆ ನೋಡಿ ನಿರ್ಧರಿಸಲೂ ಆಗದು. ನಿಮ್ಮ ಕಡೆಯ ದ್ರಾಕ್ಷಿಯನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ‘ದ್ರಾಕ್ಷಿ ಸಿಹಿಯಾಗಿದೆ’. ಇಂಗ್ಲಿಷಿನಲ್ಲಿ ‘ದಿ ಗ್ರೇಪ್ಸ್ ಆರ್ ಸ್ವೀಟ್’. ಜೋಳದ ಕಾಳೂ ಬಿಡಿಬಿಡಿಯೇ, ಆದರೂ ಅದು ‘ಜೋವಾರ್ ಈಸ್’. ರೈಸ್, ವೀಟ್ ಕೂಡ ಹಾಗೆಯೇ. ಎಣಿಸಲೇಬೇಕಾದರೆ ಅಳತೆಯ ಪದ ತಂದು, ‘ಎಸ್’ ಅದಕ್ಕೆ ಹಚ್ಚಬೇಕು: ‘ಟೂ ಬ್ಯಾಗ್ಸ್ ಆಫ್ ಜೋವಾರ್’, ‘ತ್ರೀ ಪೀಸಸ್ ಆಫ್ ಫರ್ನಿಚರ್’, ‘ಎ ಪೀಸ್ ಆಫ್ ಅಡ್ವೈಸ್’.

ಒಂದೇ ಪದ ಎರಡೂ ಕಡೆ ಇರುವುದುಂಟು. ‘ಗ್ಲಾಸ್’ ಅಂದರೆ ಗಾಜು, ‘ಎ ಗ್ಲಾಸ್’ ಅಂದರೆ ಕುಡಿಯುವ ಲೋಟ. ‘ಐರನ್’ ಕಬ್ಬಿಣ, ‘ಆನ್ ಐರನ್’ ಇಸ್ತ್ರಿಪೆಟ್ಟಿಗೆ. ಆದ್ದರಿಂದ ಪದಪಟ್ಟಿಯನ್ನಷ್ಟೇ ಕಂಠಪಾಠ ಮಾಡಿಸಬೇಡಿ. ಹೊಸ ನೌನ್ ಸಿಕ್ಕಾಗಲೆಲ್ಲ ‘ಮೆನಿ ಗ್ರೇಪ್ಸ್’, ‘ಮಚ್ ಜೋವಾರ್’ ಎಂದು ಜೋಡಿಯಾಗಿ ಬರೆಸಿ. ಅನುಮಾನ ಬಂದರೆ ಇಂಗ್ಲಿಷ್ ಕಲಿಯುವವರಿಗೆಂದೇ ಇರುವ ನಿಘಂಟು ತೆರೆಯಲಿ. ಅವುಗಳಲ್ಲಿ ಸಾಮಾನ್ಯವಾಗಿ ನೌನ್ ಪಕ್ಕ ‘ಸಿ’ ಅಥವಾ ‘ಯು’ ಗುರುತು ಇರುತ್ತದೆ. ‘ಸಿ’ ಕೌಂಟಬಲ್, ‘ಯು’ ಅನ್‌ಕೌಂಟಬಲ್. ಎರಡೂ ಇದ್ದರೆ ಕೆಳಗಿನ ಉದಾಹರಣೆ ವಾಕ್ಯ ಓದಲೇಬೇಕು.

ಪ್ರಶ್ನೆ: ಪ್ರಾಪರ್ ನೌನ್‌ಗೆ ‘ದಿ’ ಬರುವುದಿಲ್ಲ ಎಂದು ಕಲಿತಿದ್ದೇನೆ. ಹಾಗಿದ್ದರೆ ‘ದಿ ಕೃಷ್ಣಾ’ ಹೇಗೆ ಸರಿ?
– ವಿದ್ಯಾರ್ಥಿ, ಬಾಗಲಕೋಟೆ

ಉತ್ತರ: ನೀವು ಕಲಿತ ನಿಯಮ ವ್ಯಕ್ತಿಗಳಿಗೆ, ಊರುಗಳಿಗೆ ಹೊಂದುತ್ತದೆ, ಬಾಗಲಕೋಟೆಗೆ, ಆಲಮಟ್ಟಿಗೆ ‘ದಿ’ ಬೇಡ. ನದಿಗಳಿಗೆ ಬೇಕು: ‘ದಿ ಘಟಪ್ರಭಾ’, ‘ದಿ ಮಲಪ್ರಭಾ’. ಹೆಸರಿನ ಮೊದಲ ಅಕ್ಷರ ದೊಡ್ಡದು. ವಾಕ್ಯದ ನಡುವೆ ಬರುವ ‘ದಿ’ ಸಣ್ಣಕ್ಷರದಲ್ಲಿರಲಿ. ‘ಕೃಷ್ಣಾ ಈಸ್ ಫುಲ್’ ಎಂದು ಬರೆದರೆ ಕೃಷ್ಣಾ ಎಂಬ ವ್ಯಕ್ತಿಗೆ ಹೊಟ್ಟೆ ತುಂಬಿದೆ ಎಂಬ ಅರ್ಥ ಬರುತ್ತದೆ. ಹೊಳೆ ತುಂಬಿದೆ ಅನ್ನಲು ‘ದಿ ಕೃಷ್ಣಾ ಈಸ್ ಫುಲ್’.