ಮಾತ್ರೆ ಕೊಡಲಾ, ಮಾತು ಸಾಕಾ?

ಪ್ರಶ್ನೆ: ಮಗನಿಗೆ ಹತ್ತು ವರ್ಷ. ಏಳು ತಿಂಗಳ ಹಿಂದೆ ತುಮಕೂರು ರಸ್ತೆಯಲ್ಲಿ ನಮ್ಮವರ ಸ್ಕೂಟರಿಗೆ ಲಾರಿ ಗುದ್ದಿತು. ಹಿಂದೆ ಕೂತಿದ್ದ ಮಗನಿಗೆ ತರಚಿದ ಗಾಯ ಅಷ್ಟೇ, ಅವರ ಕಾಲು ಮುರಿಯಿತು. ಈಗ ಅವರು ಕೆಲಸಕ್ಕೆ ಹೋಗುತ್ತಿದ್ದಾರೆ. ಮಗ ಮಾತ್ರ ರಾತ್ರಿ ಕಿರುಚಿಕೊಂಡು ಏಳುತ್ತಾನೆ, ಅಪ್ಪನ ಹೆಲ್ಮೆಟ್ಟನ್ನು ಮಂಚದ ಕೆಳಗೆ ಬಚ್ಚಿಡುತ್ತಾನೆ. ಮಕ್ಕಳ ಮನೋವೈದ್ಯರು ವಾರಕ್ಕೊಮ್ಮೆ ಥೆರಪಿಗೆ ಬನ್ನಿ ಎಂದು ಹೇಳಿ, ಜೊತೆಗೆ ಸರ್ಟ್ರಲಿನ್ ಮಾತ್ರೆಯನ್ನೂ ಬರೆದಿದ್ದಾರೆ. ಅತ್ತೆ "ಮಗೂಗೆ ತಲೆ ಮಾತ್ರೆ ಬೇಡ" ಅನ್ನುತ್ತಾರೆ. ಚೀಟಿ ಹದಿನೈದು ದಿನದಿಂದ ಪರ್ಸಿನಲ್ಲೇ ಇದೆ.
– ಒಬ್ಬ ತಾಯಿ, ರಾಜಾಜಿನಗರ

ಉತ್ತರ: ಮೊದಲು ಆ ಹೆಲ್ಮೆಟ್ ವಿಷಯ. ಅದು ತುಂಟಾಟ ಅಲ್ಲ ಅಂತ ನಿಮಗೂ ಗೊತ್ತು, ಅಲ್ವಾ? ಹೆಲ್ಮೆಟ್ ಸಿಗದಿದ್ದರೆ ಅಪ್ಪ ಹೊರಗೆ ಹೋಗಲ್ಲ, ಹೋಗದಿದ್ದರೆ ಏನೂ ಆಗಲ್ಲ. ಹತ್ತು ವರ್ಷದ ಹುಡುಗನ ಲೆಕ್ಕ ಇದು. ಈ ಲೆಕ್ಕವನ್ನು ಮಾತ್ರೆ ಬದಲಿಸಲಾರದು, ಮಾತು ಬದಲಿಸಬಹುದು.

ಹಾಗಾಗಿ ಥೆರಪಿ ನಾಳೆಯೇ ಶುರುವಾಗಲಿ. ಮಾತ್ರೆ ಜಗಳ ಮುಗಿಯಲಿ ಅಂತ ಅದನ್ನು ಕಾಯಿಸಬೇಡಿ. ಇಂಥ ಮಕ್ಕಳಿಗೆ ಮೊದಲು ಸೂಚಿಸುವುದು ಆಘಾತಕ್ಕೆಂದೇ ರೂಪಿಸಿದ ಸಿಬಿಟಿ, ಅಂದರೆ ಯೋಚನೆ, ನಡವಳಿಕೆಯನ್ನು ಮಾತಿನಿಂದಲೇ ನಿಧಾನವಾಗಿ ಬದಲಿಸುವ ಥೆರಪಿ. ಸಾಮಾನ್ಯವಾಗಿ 12ರಿಂದ 16 ಸಿಟ್ಟಿಂಗ್. ಮೊದಮೊದಲು ಉಸಿರಾಟ, ಭಯ ಬಂದಾಗ ಮೈಯಲ್ಲಿ ಏನಾಗುತ್ತೆ ಅಂತ ಗುರುತಿಸುವುದು, ಇಷ್ಟೇ. ಆಮೇಲೆ ಆ ದಿನದ ಕತೆಯನ್ನು ಅವನೇ ಚಿತ್ರ ಬರೆದೋ ಬಾಯಲ್ಲಿ ಹೇಳಿಯೋ, ಸ್ವಲ್ಪ ಸ್ವಲ್ಪವೇ, ಲಾರಿಯ ಹಾರ್ನ್ ಕೇಳಿಸಿದಲ್ಲಿಂದ ಆಸ್ಪತ್ರೆಯ ಬೆಂಚಿನವರೆಗೆ ಕಟ್ಟುತ್ತಾನೆ. ನಿಂತಿರುವ ಸ್ಕೂಟರ್ ಮೇಲೆ ಸುಮ್ನೆ ಕೂರುವುದೂ ಒಂದು ಪಾಠವೇ. ಇದರಲ್ಲಿ ನಿಮಗೂ ಪಾಲಿದೆ, ಹೊರಗೆ ಬೆಂಚಿನಲ್ಲಿ ಮೊಬೈಲ್ ನೋಡುತ್ತಾ ಕೂರುವ ಹಾಗಿಲ್ಲ.

ಇನ್ನು ಮಾತ್ರೆ. ಅತ್ತೆಯ ಅನುಮಾನವನ್ನು ನಾನು ತಳ್ಳಿಹಾಕಲ್ಲ, ಕಾರಣ ಮಾತ್ರ ಅವರು ಹೇಳುವುದಲ್ಲ. ಸರ್ಟ್ರಲಿನ್ ಮಂಕು ಕವಿಸುವ ನಿದ್ದೆ ಮಾತ್ರೆಯಲ್ಲ, ಖಿನ್ನತೆ-ಗಾಬರಿಗೆ ಕೊಡುವ ಮಾತ್ರೆ. ಆದರೆ ಆಘಾತದ ನಂತರ ಹೀಗೆ ಕಾಡುವ ಕಾಯಿಲೆಗೆ (ಪಿಟಿಎಸ್‌ಡಿ) ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಇರುವುದು ದೊಡ್ಡವರಿಗೆ, ಮಕ್ಕಳಿಗಲ್ಲ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿಯಂತೂ 18ರೊಳಗಿನವರಿಗೆ ಇದಕ್ಕಾಗಿ ಔಷಧಿ ಕೊಡಬೇಡಿ ಅನ್ನುತ್ತದೆ. 2007ರಲ್ಲಿ ಅಮೆರಿಕದಲ್ಲಿ 24 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಎಲ್ಲರಿಗೂ ಥೆರಪಿ ಸಿಕ್ಕಿತು, ಕೆಲವರಿಗೆ ಜೊತೆಗೆ ಸರ್ಟ್ರಲಿನ್, ಉಳಿದವರಿಗೆ ಔಷಧಿಯೇ ಇಲ್ಲದ ಹುಸಿ ಮಾತ್ರೆ. ಎರಡೂ ಗುಂಪು ಸುಧಾರಿಸಿತು, ಮಾತ್ರೆಯಿಂದ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಕಾಣಲಿಲ್ಲ. ಚಿಕ್ಕ ಅಧ್ಯಯನ, ಅದೇ ಕೊನೆಯ ಮಾತಲ್ಲ.

ಹಾಗಂತ ನಿಮ್ಮ ಡಾಕ್ಟರ್ ತಪ್ಪು ಅಂತಲೂ ಅಲ್ಲ. ಮಗು ಖಿನ್ನತೆಗೆ ಜಾರಿದ್ದರೆ, ಗಾಬರಿ ಎಷ್ಟು ಜಾಸ್ತಿ ಅಂದರೆ ಥೆರಪಿ ಕುರ್ಚಿಯಲ್ಲಿ ಐದು ನಿಮಿಷ ಕೂರಲೂ ಆಗದಿದ್ದರೆ, ಜೊತೆಗೆ ಮಾತ್ರೆ ಕೊಡುವುದುಂಟು. ನಿಮ್ಮ ಮಗನನ್ನು ಅವರು ನೋಡಿದ್ದಾರೆ, ನಾನು ನೋಡಿಲ್ಲ. ಆದ್ದರಿಂದ ಚೀಟಿ ಹಿಡಿದು ಹೋಗಿ ಕೇಳಿ: ಇದು ಯಾವುದಕ್ಕೆ ಡಾಕ್ಟ್ರೇ? ಬರೀ ಆಘಾತಕ್ಕಾ, ಬೇರೇನಾದರೂ ಕಂಡಿತಾ? ಮೊದಲು ಒಂದಷ್ಟು ವಾರ ಥೆರಪಿ ಮಾಡಿ ನೋಡಬಹುದಾ? ಒಳ್ಳೆಯ ಡಾಕ್ಟರ್ ಈ ಪ್ರಶ್ನೆಗೆ ಸಿಡುಕುವುದಿಲ್ಲ. ಸಿಡುಕಿದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ, ಎರಡನೇ ಅಭಿಪ್ರಾಯ ತಗೊಳ್ಳಿ.

ಮಾತ್ರೆ ಶುರು ಮಾಡಿದರೆ ಗುಣ ಕಾಣಲು ಕೆಲವು ವಾರ ಬೇಕು. ಮೊದಲ ವಾರಗಳಲ್ಲಿ ಕಣ್ಣಿಟ್ಟಿರಿ. ಹೊಸ ಚಡಪಡಿಕೆ, ವಿಪರೀತ ಸಿಟ್ಟು, ಸಾಯುವ ಮಾತು ಬಂದರೆ ಅದೇ ದಿನ ಡಾಕ್ಟರಿಗೆ ಹೇಳಿ. ಇಂಥ ಮಾತ್ರೆಗಳ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲೇ ಈ ಎಚ್ಚರಿಕೆ ಹಾಕಿಸಿದೆ. ಮಗ ಚೆನ್ನಾಗಿದ್ದಾನೆ ಅಂತ ಅತ್ತೆಯ ಮಾತಿಗೆ ದಿಢೀರ್ ನಿಲ್ಲಿಸಲೂ ಬೇಡಿ, ನಿಧಾನವಾಗಿ ಇಳಿಸಬೇಕು. ನಡುರಾತ್ರಿ ಕೈಕಾಲು ಆಡದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಅಲ್ಲಿಯವರೆಗೆ ಹೆಲ್ಮೆಟ್ ಬಚ್ಚಿಟ್ಟಿದ್ದಕ್ಕೆ ಮಗನಿಗೆ ಬೈಯಬೇಡಿ. ನಿಮ್ಮವರೇ ಮಂಚದ ಕೆಳಗಿಂದ ಅದನ್ನು ತೆಗೆದು, ಬಕಲ್ ಹಾಕಲು ಮಗನ ಕೈಗೆ ಕೊಡಲಿ. ಆಫೀಸು ಮುಟ್ಟಿದ ಮೇಲೆ ಮನೆಗೊಂದು ಫೋನು ಮಾಡಲಿ.